ಕರಗದ ರಾತ್ರಿಯೂ ಸೀನಿನ ಬಾಧೆಯೂ

ಚೈತ್ರಮಾಸವು ಬಂದಿತೆಂದರೆ ನಮ್ಮ ನಾಡಿನ ದೇವಸ್ಥಾನಗಳಿಗೆ ಉತ್ಸವದ ಕಾಲವು ಬಂದಂತೆಯೇ ಸರಿ. ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರರ ತೇರು, ಹಂಪೆಯಲ್ಲಿ ವಿರೂಪಾಕ್ಷನ ತೇರು, ಬೆಂಗಳೂರಿನಲ್ಲಿ ಹುಣ್ಣಿಮೆಯ ರಾತ್ರಿ ಕರಗ. ಎಲ್ಲಿ ನೋಡಿದರೂ ಜನವೋ ಜನ. ಆದರೆ ಇದೇ ಕಾಲದಲ್ಲಿ ಕೆಲವು ಮನೆಗಳಲ್ಲಿ ಒಬ್ಬರೋ ಇಬ್ಬರೋ ಮೂಗಿಗೆ ಕರವಸ್ತ್ರವನ್ನು ಒತ್ತಿಕೊಂಡು, ಕೆಂಪಡರಿದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ, ಉಳಿದವರು ಹೊರಡುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. ಈ ತಿಂಗಳು ನಾವು ಬರೆಯಹೊರಟಿರುವುದು ಅಂಥವರನ್ನು ಕುರಿತು.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ವಾಚಕರಿಗೆ ಮುಚ್ಚಿಡದೆ ಹೇಳಿಬಿಡುವುದು ಲೇಸು. ನಮ್ಮ ತಮ್ಮನ ಮಗಳಿಗೆ ಆಗ 10 ವರ್ಷ. ಬೇಸಗೆಯ ಗಾಳಿ ಬೀಸತೊಡಗಿತೆಂದರೆ ಆಕೆಗೆ ಬೆಳಗ್ಗೆ ಎದ್ದೊಡನೆ ಸಾಲುಸಾಲಾಗಿ ಸೀನು, ಮೂಗಿನಿಂದ ನೀರು, ಕಣ್ಣಿನಲ್ಲಿ ನವೆ. ಆ ವರ್ಷ ಕರಗವನ್ನು ನೋಡಲೆಂದು ಎಲ್ಲರೂ ಹೊಸ ಬಟ್ಟೆಯುಟ್ಟು ಹೊಸ್ತಿಲು ದಾಟುವ ಸಮಯಕ್ಕೆ ಸರಿಯಾಗಿ ಮಗು ಸೀನಿತು. ಮನೆಯ ಹಿರಿಯರೊಬ್ಬರು, “ಹೊರಡುವಾಗ ಒಂಟಿ ಸೀನಾಯಿತಲ್ಲ, ಕೊಂಚ ಕುಳಿತು ಹೋಗಿ” ಎಂದರು. ಕುಳಿತೆವು, ಎದ್ದೆವು, ಮಗು ಮತ್ತೆ ಸೀನಿತು. ಕೊನೆಗೆ ಅವಳನ್ನು ಅಜ್ಜಿಯ ಬಳಿ ಬಿಟ್ಟು ಉಳಿದವರು ಹೊರಟೆವು. ಹಾಗೆ ಬಿಟ್ಟುಹೋದುದು ಒಂದು ವರ್ಷವಲ್ಲ, ಮೂರು ವರ್ಷ. ಮೂರನೆಯ ವರ್ಷ ನಾವು ಬೆಳಗಿನ ಜಾವದಲ್ಲಿ ಹಿಂದಿರುಗಿದಾಗ ಅವಳು ಎಚ್ಚರವಾಗಿಯೇ ಇದ್ದಳು. “ದೊಡ್ಡಪ್ಪ, ನಾನು ಬಂದರೆ ದೇವರಿಗೆ ಅಪಶಕುನವೇ?” ಎಂದು ಕೇಳಿದಳು. ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ.

ಮೂರು ವರ್ಷ ನಾವು ಮಾಡಿದುದು ತಪ್ಪೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಸೀನು ಶಕುನವಲ್ಲ, ಒಳಹೊಕ್ಕ ವಸ್ತುವನ್ನು ಹೊರದೂಡಲು ಮೂಗು ಮಾಡುವ ಯತ್ನ. 1819ರಲ್ಲಿ ಜಾನ್ ಬಾಸ್ಟಾಕ್ ಎಂಬ ಇಂಗ್ಲೆಂಡಿನ ವೈದ್ಯನು ಪ್ರತಿ ಬೇಸಗೆಯಲ್ಲಿಯೂ ತನ್ನನ್ನೇ ಕಾಡುತ್ತಿದ್ದ ಈ ಬಾಧೆಯನ್ನು ವಿವರಿಸಿ ಲಂಡನ್ನಿನ ವೈದ್ಯರ ಸಂಘದ ಮುಂದಿಟ್ಟನು. ಹೊಸದಾಗಿ ಕೊಯ್ದ ಹುಲ್ಲಿನ ವಾಸನೆಯೇ ಕಾರಣವೆಂದು ಅಲ್ಲಿನ ಜನ ಭಾವಿಸಿದ್ದುದರಿಂದ ಅದಕ್ಕೆ ‘ಹೇ ಫೀವರ್’, ಎಂದರೆ ಒಣಹುಲ್ಲಿನ ಜ್ವರ, ಎಂಬ ಹೆಸರು ನಿಂತಿತು. ವಾಸ್ತವವಾಗಿ ಇದು ಜ್ವರವೇ ಅಲ್ಲ. ದೋಷವು ಹುಲ್ಲಿನ ವಾಸನೆಯದೂ ಅಲ್ಲ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯನು ತನ್ನ ಮೂಗಿನ ಮೇಲೆಯೇ ಪ್ರಯೋಗಗಳನ್ನು ನಡೆಸಿ, ಗಾಳಿಯಲ್ಲಿ ತೇಲಿಬರುವ ಪರಾಗವೇ ಇದಕ್ಕೆ ಮೂಲವೆಂದು 1873ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ಇತರರಿಗೆ ಯಾವ ಕೇಡನ್ನೂ ಮಾಡದ ಈ ಪರಾಗವನ್ನು ಕೆಲವರ ದೇಹವು ಶತ್ರುವೆಂದು ಬಗೆದು ಹೋರಾಟಕ್ಕೆ ನಿಲ್ಲುತ್ತದೆ. ಆಗ ಹಿಸ್ಟಮೀನ್ ಎಂಬ ದ್ರವ್ಯವು ಬಿಡುಗಡೆಯಾಗಿ ನವೆ, ನೀರು, ಸೀನು ಇವೆಲ್ಲವೂ ಉಂಟಾಗುವುವು. ಇದನ್ನೇ ಈಗ ಎಲ್ಲರೂ ಅಲರ್ಜಿ ಎನ್ನುವುದು.

ಸಾಮಾನ್ಯವಾದ ನೆಗಡಿಗೂ ಇದಕ್ಕೂ ಇರುವ ಭೇದವನ್ನು ಮನೆಯವರು ತಿಳಿದಿರುವುದು ಅವಶ್ಯ. ನೆಗಡಿಯು ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ. ಮೈ ಬಿಸಿಯಾಗುವುದೂ ಉಂಟು, ಸಿಂಬಳವು ಗಟ್ಟಿಯಾಗುವುದೂ ಉಂಟು. ಪರಾಗದ ಬಾಧೆಯಾದರೋ ವಾರಗಟ್ಟಲೆ ಇರುತ್ತದೆ, ಪ್ರತಿವರ್ಷವೂ ಅದೇ ಋತುವಿನಲ್ಲಿ ಮರಳಿ ಬರುತ್ತದೆ. ಮೂಗಿನಿಂದ ಇಳಿಯುವುದು ತಿಳಿನೀರು. ಮೂಗು, ಕಣ್ಣು, ಅಂಗುಳಗಳಲ್ಲಿ ನವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಹೂವನ್ನು ಕಂಡರೆ ಇಂಥವರು ಹೆದರುವುದುಂಟು. ಕರಗದ ಮೇಲೆ ಭಕ್ತರು ಎರಚುವ ಮಲ್ಲಿಗೆಯೇ ಕಾರಣವೆಂದು ನಾವೂ ಬಹುಕಾಲ ನಂಬಿದ್ದೆವು. ಆದರೆ ಅಂದವೂ ಗಂಧವೂ ಉಳ್ಳ ಹೂವುಗಳು ಜೇನ್ನೊಣ, ದುಂಬಿಗಳನ್ನು ಕರೆಯುವುದಕ್ಕಾಗಿ ಅರಳುವಂಥವು. ಅವುಗಳ ಪರಾಗ ಜಿಗುಟು, ಗಾಳಿಯಲ್ಲಿ ಹಾರುವುದು ಬಹಳ ಕಡಿಮೆ. ನಿಜವಾದ ಅಪರಾಧಿಗಳು ಕಣ್ಣಿಗೆ ಬೀಳದ ಹೂವುಗಳು: ಗರಿಕೆ ಮೊದಲಾದ ಹುಲ್ಲುಗಳು, ತಪಸಿ, ಸರ್ವೆ ಮುಂತಾದ ಮರಗಳು, ಮತ್ತು ಬಯಲುಗಳನ್ನೆಲ್ಲ ಆಕ್ರಮಿಸಿರುವ ಕಾಂಗ್ರೆಸ್ ಗಿಡ. ಹಾಗೆಂದು ಮಲ್ಲಿಗೆಯು ಪೂರ್ಣ ನಿರಪರಾಧಿಯೂ ಅಲ್ಲ. ಮೊದಲೇ ಕೆರಳಿರುವ ಮೂಗಿಗೆ ಅದರ ಗಾಢ ಪರಿಮಳವೂ, ಕರ್ಪೂರ ಧೂಪಗಳ ಹೊಗೆಯೂ, ಸಾವಿರಾರು ಕಾಲುಗಳಿಂದ ಏಳುವ ಧೂಳೂ ಸೇರಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುವುದು.

ಇಲ್ಲಿ ನಾವು ಮುಖ್ಯವಾಗಿ ಹೇಳಬೇಕಾದುದು ಒಂದೇ ಮಾತು: ಉತ್ಸವದ ಸಿದ್ಧತೆಯು ಉತ್ಸವದ ದಿನ ಆಗತಕ್ಕದ್ದಲ್ಲ. ಕರಗದ ಉತ್ಸವ 11 ದಿನಗಳದು. ಅದಕ್ಕೂ ಮೊದಲೇ, ಎಂದರೆ ಯುಗಾದಿಯ ಸುಮಾರಿಗೇ, ವೈದ್ಯರನ್ನು ಕಾಣುವುದು ಉತ್ತಮ. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧವು ಈ ಬಾಧೆಗೆ ಬಹಳ ಗುಣಕಾರಿ. ಆದರೆ ಅದರ ಪೂರ್ಣಫಲ ದೊರೆಯಲು ಒಂದೆರಡು ವಾರಗಳ ನಿತ್ಯಸೇವನೆ ಬೇಕು. ಹೊರಡುವ ಹೊತ್ತಿನಲ್ಲಿ ಒಮ್ಮೆ ಸಿಂಪಡಿಸಿ ‘ಫಲವಿಲ್ಲ’ ಎನ್ನುವುದು, ಬಿತ್ತಿದ ದಿನವೇ ತೆನೆಯನ್ನು ಹುಡುಕಿದಂತೆ. ಸಿಂಪಡಿಸುವಾಗ ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿ, ಕೊಳವೆಯ ತುದಿಯನ್ನು ಮೂಗಿನ ನಡುಗೋಡೆಯ ಕಡೆಗಲ್ಲದೆ ಹೊರಬದಿಗೆ ತಿರುಗಿಸಿ, ಮೆಲ್ಲನೆ ಉಸಿರೆಳೆದುಕೊಳ್ಳಬೇಕು.

ಗುಳಿಗೆಗಳಲ್ಲಿ ಹಳೆಯವೂ ಹೊಸವೂ ಇವೆ. ಕ್ಲೋರ್‌ಫೆನಿರಮೀನ್ ಮೊದಲಾದ ಹಳೆಯ ಗುಳಿಗೆಗಳು ಸೀನನ್ನು ತಡೆದರೂ ನಿದ್ದೆಯನ್ನು ತರುವಂಥವು. ಕರಗವಾದರೋ ನಡುರಾತ್ರಿಯ ಸುಮಾರಿಗೆ ಧರ್ಮರಾಯನ ಗುಡಿಯಿಂದ ಹೊರಟು, ಪೇಟೆಯ ಬೀದಿಗಳಲ್ಲಿ ಸಂಚರಿಸಿ, ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ ಹಿಂದಿರುಗುವ ಹೊತ್ತಿಗೆ ಬೆಳಗಾಗುವುದು. ಅಂಥ ಜನಸಂದಣಿಯಲ್ಲಿ ಮಗುವು ತೂಕಡಿಸುವುದೂ, ವಾಹನ ನಡೆಸುವವರಿಗೆ ಮಂಪರು ಕವಿಯುವುದೂ ಅಪಾಯಕರ. ಸೆಟಿರಿಜಿನ್, ಲೋರಾಟಡಿನ್, ಫೆಕ್ಸೊಫೆನಡಿನ್ ಮುಂತಾದ ಹೊಸ ಗುಳಿಗೆಗಳಲ್ಲಿ ಈ ದೋಷ ಕಡಿಮೆ. ಆದರೂ ಸೆಟಿರಿಜಿನ್ನಿನಿಂದ ಕೆಲವರಿಗೆ ನಿದ್ದೆ ಬರುವುದುಂಟು. ಯಾವುದು ತಮಗೆ ಹೊಂದುವುದೆಂಬುದನ್ನು ಮುಂಚಿತವಾಗಿ ಒಂದು ದಿನ ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳತಕ್ಕದ್ದು. ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳದೆ ಏನನ್ನೂ ಕೊಡಲಾಗದು. ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಹನಿಮದ್ದುಗಳನ್ನು ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತಲೂ ಬಿಗಿಯಾಗಿ ಕಟ್ಟಿಕೊಳ್ಳುವುದು.

ನಮ್ಮ ಅಜ್ಜಿಯರ ಶುಂಠಿ ಮೆಣಸಿನ ಕಷಾಯವನ್ನು ನಾವು ಹಳಿಯುವವರಲ್ಲ. ಗಂಟಲಿಗೆ ಅದು ಹಿತವೇ ಸರಿ. ಆದರೆ ಪರಾಗದ ಬಾಧೆಯನ್ನು ತಡೆಯುವ ಶಕ್ತಿಯನ್ನು ಅದರಿಂದ ನಿರೀಕ್ಷಿಸಬಾರದು. ಉಪ್ಪುನೀರಿನಿಂದ ಮೂಗನ್ನು ತೊಳೆಯುವ ಜಲನೇತಿಯಿಂದ ಮಾತ್ರ ನಿಜವಾದ ಪ್ರಯೋಜನವುಂಟು. ನೀರನ್ನು ಚೆನ್ನಾಗಿ ಕುದಿಸಿ ಆರಿಸಿಯೇ ಉಪಯೋಗಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಉತ್ಸವದ ದಿನ ಮೂಗಿನ ಹೊಳ್ಳೆಗಳ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಪರಾಗದ ಒಂದಂಶವಾದರೂ ಅಲ್ಲಿಯೇ ಅಂಟಿ ನಿಲ್ಲುವುದು. ಕಣ್ಣಿಗೆ ಕನ್ನಡಕ, ಮೂಗು ಬಾಯಿಗಳಿಗೆ ಮಾಸ್ಕ್ ಇದ್ದರೆ ಇನ್ನೂ ಮೇಲು. ನಿಲ್ಲುವ ಸ್ಥಳವನ್ನು ಗಾಳಿಯ ದಿಕ್ಕು ನೋಡಿ ಆರಿಸಿಕೊಳ್ಳಬೇಕು; ಧೂಪದ ಹೊಗೆ ಬಂದು ಬಡಿಯುವ ಕಡೆಯೂ, ಹುಲ್ಲು ಬೆಳೆದ ಬಯಲಿನ ಅಂಚೂ ಇವರಿಗೆ ತಕ್ಕುವಲ್ಲ. ಕಣ್ಣು ನವೆಯಾದರೆ ಉಜ್ಜದೆ ತಣ್ಣೀರಿನಿಂದ ತೊಳೆಯಬೇಕು. ಮನೆಗೆ ಮರಳಿದೊಡನೆ ಉಟ್ಟ ಬಟ್ಟೆಯನ್ನು ಹಾಸಿಗೆಯ ಕೋಣೆಗೆ ಒಯ್ಯದೆ ತೊಳೆಯಲು ಹಾಕಿ, ತಲೆಗೆ ನೀರೆರೆದುಕೊಂಡು ಮಲಗಬೇಕು. ಕೂದಲಲ್ಲಿ ಕುಳಿತ ಪರಾಗವು ದಿಂಬಿಗೆ ಇಳಿದರೆ ರಾತ್ರಿ ಮುಗಿದ ಮೇಲೂ ಬಾಧೆ ಮುಗಿಯದು.

ಇನ್ನು ಗಂಭೀರವಾದ ಒಂದು ವಿಷಯ. ಸೀನುವವರಲ್ಲಿ ಅನೇಕರಿಗೆ ಉಬ್ಬಸದ ಸೋಂಕೂ ಇರುವುದುಂಟು. ಎದೆಯಲ್ಲಿ ಸಿಳ್ಳಿನಂಥ ಶಬ್ದ, ರಾತ್ರಿಯ ಕೆಮ್ಮು, ಎದೆ ಬಿಗಿತ ಇವು ಕಂಡರೆ ‘ಶೀತ’ವೆಂದು ಉದಾಸೀನ ಮಾಡಲಾಗದು, ಇನ್‌ಹೇಲರನ್ನು ಮನೆಯ ಕಪಾಟಿನಲ್ಲಲ್ಲ, ಜೇಬಿನಲ್ಲಿಟ್ಟುಕೊಂಡೇ ಹೊರಡಬೇಕು. ಚೈತ್ರ ವೈಶಾಖಗಳಲ್ಲಿ ನಮ್ಮಲ್ಲಿ ಗುಡುಗು ಸಿಡಿಲುಗಳೊಡನೆ ಮಾವಿನ ಮಳೆ ಬರುವುದಷ್ಟೆ. ಇಂಥ ಗುಡುಗುಮಳೆಯ ಮುಂಗಾಳಿಯಲ್ಲಿ ಪರಾಗದ ಕಣಗಳು ತೇವವನ್ನು ಹೀರಿ ಒಡೆದು, ಶ್ವಾಸಕೋಶದ ಒಳಗನ್ನು ಹೊಗುವಷ್ಟು ಸಣ್ಣ ಚೂರುಗಳಾಗಬಲ್ಲವು. 2016ರ ನವೆಂಬರ್ 21ರಂದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಹೀಗೆಯೇ ಆಗಿ, ಸಹಸ್ರಾರು ಜನ ಆಸ್ಪತ್ರೆಗಳಿಗೆ ಧಾವಿಸಿದರು. 10 ಮಂದಿ ಮೃತರಾದರು. ಅವರಲ್ಲಿ ನರಳಿದ ಎಷ್ಟೋ ಜನ ಅದುವರೆಗೆ ಬರಿಯ ಸೀನಿನ ರೋಗಿಗಳೆಂದೇ ತಿಳಿದುಕೊಂಡಿದ್ದವರು. ಆದುದರಿಂದ ಮೋಡ ಕವಿದು ಬಿರುಗಾಳಿ ಎದ್ದೊಡನೆ ಇಂಥವರನ್ನು ಮನೆಯೊಳಗೋ ಅಂಗಡಿಯೊಳಗೋ ಸೇರಿಸಿ ಬಾಗಿಲು ಕಿಟಕಿಗಳನ್ನು ಮುಚ್ಚಬೇಕು. ಮಾತನಾಡಲು ಉಸಿರು ಸಾಲದಂತಾದರೆ, ತುಟಿ ನೀಲಿಗಟ್ಟಿದರೆ, ಇನ್‌ಹೇಲರಿಗೂ ಬಗ್ಗದಿದ್ದರೆ, ತಡಮಾಡದೆ 108ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಸತಕ್ಕದ್ದು.

ನೆರೆಹೊರೆಯವರೂ ಮಾಡಬಹುದಾದ ಕೆಲಸವೊಂದಿದೆ. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡ ಕಾಂಗ್ರೆಸ್ ಗಿಡವು ಇಂದು ನಮ್ಮ ಮನೆಯಂಗಳದವರೆಗೂ ಬಂದಿದೆ. ಅದನ್ನು ತಿಂದುಹಾಕಲೆಂದು ಮೆಕ್ಸಿಕೊ ದೇಶದ ಒಂದು ಜಾತಿಯ ಕೀಟವನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಗಿಡ ಅಳಿದಿಲ್ಲ. ದೇವಸ್ಥಾನದ ಸುತ್ತಲ ಬಯಲಿನಲ್ಲಿ ಅದು ಹೂಬಿಡುವ ಮೊದಲೇ, ಕೈಗವಸು ತೊಟ್ಟು, ಬೇರುಸಹಿತ ಕಿತ್ತರೆ ಎಷ್ಟೋ ಜನರಿಗೆ ಉಪಕಾರವಾದೀತು. ಸೀನುವವರು ಮಾತ್ರ ಈ ಕೆಲಸಕ್ಕೆ ಕೈಹಾಕಬಾರದು.

ನಾಲ್ಕನೆಯ ವರ್ಷ ನಾವು ಯುಗಾದಿಗೆ ಮುಂಚೆಯೇ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ದೆವು. ಅವರು ಹೇಳಿದುದನ್ನು ತಪ್ಪದೆ ನಡೆಸಿದೆವು. ಹುಣ್ಣಿಮೆಯ ರಾತ್ರಿ ಹೊಸ್ತಿಲ ಬಳಿ ಅವಳು ಎಂದಿನಂತೆ ಒಮ್ಮೆ ಸೀನಿದಳು. ಸೀನಿ, ಭಯದಿಂದ ಹಿರಿಯರ ಮುಖವನ್ನು ನೋಡಿದಳು. ಆ ಹಿರಿಯರು ಕ್ಷಣಕಾಲ ಸುಮ್ಮನಿದ್ದು, “ಚಿರಂಜೀವಿಯಾಗು, ನಡೆ” ಎಂದರು. ವೀರಕುಮಾರರ ಕತ್ತಿಗಳ ನಡುವೆ ಕರಗವು ನಮ್ಮ ಮುಂದೆ ಹಾದುಹೋಗುವ ತನಕ ಅವಳು ಇನ್ನೂ ನಾಲ್ಕೈದು ಬಾರಿ ಸೀನಿದ್ದಿರಬಹುದು. ಲೆಕ್ಕವಿಟ್ಟವರು ಯಾರೂ ಇರಲಿಲ್ಲ.

ಈ ವರ್ಷ ತಮ್ಮ ಮನೆಯ ಬಾಗಿಲಲ್ಲಿ ಯಾರಾದರೂ ಕರವಸ್ತ್ರ ಹಿಡಿದು ನಿಂತಿದ್ದರೆ, ವಾಚಕರು ಅವರನ್ನು ಬಿಟ್ಟುಹೋಗದೆ, ಎರಡು ವಾರ ಮುಂಚಿತವಾಗಿಯೇ ಸಿದ್ಧಗೊಳಿಸಿ ಜೊತೆಯಲ್ಲಿ ಕರೆದುಕೊಂಡು ಹೋಗುವರೆಂದು ನಂಬಿದ್ದೇವೆ.