ಒಂದು ಕೂದಲು ಸಿಕ್ಕರೆ ಡಿಎನ್‌ಎ ಟೆಸ್ಟ್ ಹೆಸರು ಹೇಳುತ್ತದೆಯೇ?

ದೊಡ್ಡ ಅಪಘಾತವಾದಾಗಲೆಲ್ಲ ಮುಳಬಾಗಿಲಿನ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಇಂಥದ್ದೊಂದು ಫಾರ್ವರ್ಡ್ ಬರುತ್ತದೆ: "ಒಂದು ಕೂದಲು ಸಾಕು, ಡಿಎನ್‌ಎ ಟೆಸ್ಟ್ ಮಾಡಿ ಯಾರೆಂದು ಹೇಳಬಹುದು. ದೇಹ ಕೊಡಲು ಬೇಕೆಂದೇ ತಡ ಮಾಡುತ್ತಿದ್ದಾರೆ." ಇದು ನಿಜವೇ?

ಡಿಎನ್‌ಎ ಹೆಸರು ಹೇಳುವುದಿಲ್ಲ, ಹೋಲಿಕೆಯನ್ನಷ್ಟೇ ಹೇಳುತ್ತದೆ. ಹೋಲಿಸಲು ಇನ್ನೊಂದು ಮಾದರಿ ಬೇಕೇ ಬೇಕು.

ಹೇಗೆ ಕೆಲಸ ಮಾಡುತ್ತದೆ?

ನಮ್ಮೆಲ್ಲರ ಡಿಎನ್‌ಎ ಬಹುಪಾಲು ಒಂದೇ. ಆದರೆ ಕೆಲವು ಜಾಗಗಳಲ್ಲಿ ಪುಟ್ಟ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ 9 ಮತ್ತು 12 ಸಲ, ಇನ್ನೊಬ್ಬರಲ್ಲಿ 10 ಮತ್ತು 14 ಸಲ ಇರಬಹುದು. ಎರಡು ಸಂಖ್ಯೆಗಳಲ್ಲಿ ಒಂದು ತಾಯಿಯದು, ಒಂದು ತಂದೆಯದು. ಇಂಥ ಸುಮಾರು 20 ಜಾಗಗಳನ್ನು ಲ್ಯಾಬ್ ಎಣಿಸುತ್ತದೆ. ಸಂಬಂಧವೇ ಇಲ್ಲದ ಇಬ್ಬರಲ್ಲಿ ಎಲ್ಲವೂ ಒಂದೇ ಆಗುವುದು ಹೆಚ್ಚುಕಡಿಮೆ ಅಸಾಧ್ಯ. ತದ್ರೂಪಿ ಅವಳಿಗಳು ಮಾತ್ರ ಇದಕ್ಕೆ ಹೊರತು.

1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಡಿಎನ್‌ಎಯಿಂದ ಗುರುತು ಹಿಡಿಯುವ ವಿಧಾನ ಕಂಡುಹಿಡಿದರು. ಭಾರತದಲ್ಲಿ ಇದನ್ನು ಬೆಳೆಸಿದವರು ಹೈದರಾಬಾದಿನ ಲಾಲ್‌ಜಿ ಸಿಂಗ್.

ತಡವೇಕೆ?

ತಂದೆ, ತಾಯಿ ಅಥವಾ ಮಕ್ಕಳ ರಕ್ತ ಪಡೆಯಬೇಕು. ಒಡಹುಟ್ಟಿದವರ ಮಾದರಿ ಅಷ್ಟು ಖಚಿತವಲ್ಲ. ಸುಟ್ಟ ದೇಹದಲ್ಲಿ ಡಿಎನ್‌ಎ ಹಾಳಾಗಿರುತ್ತದೆ. ಹಲ್ಲು, ಮೂಳೆಯಿಂದ ತೆಗೆಯಬೇಕಾಗಬಹುದು. ಬೇರಿಲ್ಲದ ಕೂದಲಿನಲ್ಲಿ ಈ ಪರೀಕ್ಷೆ ಸಾಮಾನ್ಯವಾಗಿ ಆಗುವುದಿಲ್ಲ.

ಆತುರಪಟ್ಟರೆ ಏನಾಗುತ್ತದೆ?

2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಉರಿದು 158 ಜನ ತೀರಿಕೊಂಡರು. ದಕ್ಷಿಣ ಕನ್ನಡ, ಕಾಸರಗೋಡಿನ ಮನೆಗಳಲ್ಲಿ ಸೂತಕ. ಹೆಚ್ಚಿನ ದೇಹಗಳನ್ನು ಕುಟುಂಬದವರು ಕಣ್ಣಳತೆಯಲ್ಲೇ ಗುರುತಿಸಿ ಒಯ್ದರು. ಉಳಿದವುಗಳ ಪರೀಕ್ಷೆ ಹೈದರಾಬಾದಿನ ಸಿಡಿಎಫ್‌ಡಿಯಲ್ಲಿ ನಡೆಯಿತು. ಆದರೂ 12 ದೇಹಗಳು ಯಾರಿಗೂ ಹೊಂದಲಿಲ್ಲ. ಕೆಲವು ದೇಹಗಳು ಅದಾಗಲೇ ಬೇರೆ ಮನೆಗೆ ಹೋಗಿರಬಹುದೆಂಬ ವಿವರಣೆ ಆಗ ಕೇಳಿಬಂತು. ಆ 12 ದೇಹಗಳನ್ನು ಮಂಗಳೂರಿನಲ್ಲೇ ಮಣ್ಣು ಮಾಡಲಾಯಿತು.

ಪರೀಕ್ಷೆ ತಪ್ಪು ಹೇಳಿರಲಿಲ್ಲ. ಹೋಲಿಸಬೇಕಾದ ಕೊಂಡಿಯೇ ಕಳಚಿತ್ತು.

ಕೊನೆಯ ಮಾತು

ಫಾರ್ವರ್ಡ್‌ನ ವಾದ ದಾರಿ ತಪ್ಪಿಸುವಂಥದ್ದು. ಕಾಯುವುದು ಸಂಕಟವೇ. ಆದರೆ ಆ ಕೆಲವು ದಿನಗಳು, ಒಬ್ಬ ತಾಯಿ ಬೇರೆ ಯಾರದೋ ಮಗನಿಗೆ ಮಣ್ಣು ಹಾಕದಂತೆ ತಡೆಯುತ್ತವೆ. ಮುಂದಿನ ಸಲ ಈ ಸಂದೇಶ ಬಂದರೆ, ಕಳಿಸಿದವರಿಗೆ ಇಷ್ಟು ತಿಳಿಸಿ.