ಆಯಿಯ ದನಿ ಎಷ್ಟು ಎಂಬಿ?

"ಏ ತಮ್ಮಾ, ಬರೇ ದನಿ ಬರಾಕತ್ತೈತಿ. ಆಯಿ ಕಾಣವಲ್ಲಳು!"

ಸದಲಗಾದಿಂದ ಅವ್ವ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ, ಆಫೀಸ್ ಕ್ಯಾಬಿನ ಹಿಂದಿನ ಸೀಟಿನಲ್ಲಿದ್ದೆ. ಹಿಂದಿನ ರಾತ್ರಿ ಎರಡು ಗಂಟೆವರೆಗೂ ಕೂತು ಎಡಿಟ್ ಮಾಡಿದ್ದ ವಿಡಿಯೋ ಅದು. ಪಂಚಮಿಗೆ ಊರಿಗೆ ಹೋದಾಗ, ಅಟ್ಟದ ಮೇಲಿದ್ದ ಬೀಸುಕಲ್ಲು ಇಳಿಸಿ, ಆಯಿಯನ್ನ ಕೂರಿಸಿ, ಬೀಸುವ ಪದ ಹಾಡಿಸಿದ್ದೆ. ನಾಲ್ಕು ನಿಮಿಷದ ಹಾಡು. ತವರುಮನೆಯ ಮೇಲಿನದು.

ನಮ್ಮೂರು ಗೊತ್ತಿಲ್ಲದವರಿಗೆ ಒಂದು ಮಾತು. ಸದಲಗಾ ಅಂದ್ರೆ ಚಿಕ್ಕೋಡಿ ಕಡೆ, ದೂಧಗಂಗಾ ನದಿ ದಂಡೆಯ ಊರು. ಜೈನಮುನಿ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ. ಸುತ್ತ ಕಬ್ಬು, ಆಚೆ ಮಹಾರಾಷ್ಟ್ರ. ಕನ್ನಡ-ಮರಾಠಿ ಎರಡೂ ಆಡ್ತೀವಿ. ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋಗಿರ್ತಾರೆ, ಮನೆಯವರು ಫೋನಿನಲ್ಲಿ ಅವರ ಮುಖ ನೋಡ್ತಿರ್ತಾರೆ. ಹಾಗಾಗಿ ಯಾವ ವಿಡಿಯೋ ಯಾರ ಫೋನಿನಲ್ಲಿ ಓಡುತ್ತೆ ಅನ್ನೋದು ನಮ್ಮಲ್ಲಿ ಬರೀ ಟೆಕ್ನಿಕಲ್ ಪ್ರಶ್ನೆ ಅಲ್ಲ, ಮನೆಯ ಪ್ರಶ್ನೆ.

ಈಗ ನನ್ನ ತಪ್ಪಿಗೆ ಬರ್ತೀನಿ. ತಪ್ಪು ಒಂದಲ್ಲ, ಮೂರು.

ಎಲ್ಲಾ ಗರಿಷ್ಠ, ಆಮೇಲೆ ಎಲ್ಲಾ ಕನಿಷ್ಠ

ಎಡಿಟ್ ಮುಗಿದ ಮೇಲೆ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಪರದೆ ಬರುತ್ತಲ್ಲ, ರೆಸಲ್ಯೂಷನ್, ಫ್ರೇಮ್ ರೇಟ್, ಬಿಟ್‌ರೇಟ್, ಕೊಡೆಕ್ ಅಂತ? ನಾನು ಎಲ್ಲವನ್ನೂ ಬಲತುದಿಗೆ ಎಳೆದೆ. 4ಕೆ, ಸೆಕೆಂಡಿಗೆ 40 ಮೆಗಾಬಿಟ್, ಕೊಡೆಕ್ ಎಚ್‌ಇವಿಸಿ. ನಾಲ್ಕು ನಿಮಿಷಕ್ಕೆ 1,200 ಎಂಬಿ ಫೈಲ್ ಆಯ್ತು. ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿದೆ. ಅವ್ವನ ಫೋನ್ ಹಳೇದು. ಎಚ್‌ಇವಿಸಿ 2013ರ ಕೊಡೆಕ್, ಅದನ್ನ ಬಿಡಿಸಿ ಓದೋ ಶಕ್ತಿ ಆ ಫೋನಿನ ಚಿಪ್‌ಗೆ ಇರಲಿಲ್ಲ. ದನಿಯ ಕೊಡೆಕ್ ಬೇರೆ, ಅದು ಓದಿತು. ಅದಕ್ಕೇ ಕಪ್ಪು ಪರದೆ, ಹಿಂದೆ ಆಯಿಯ ದನಿ. ಇದು ಮೊದಲ ತಪ್ಪು.

ಸಿಟ್ಟಿನಲ್ಲಿ ಉಲ್ಟಾ ತುದಿಗೆ ಹೋದೆ. ಒಂದು ಕನ್ವರ್ಟರ್ ಆ್ಯಪ್‌ನಲ್ಲಿ 'ಹಳೇ ಫೋನಿಗೆ' ಅನ್ನೋ ಆಯ್ಕೆ ಇತ್ತು. ಒತ್ತಿದೆ. 3ಜಿಪಿ ಅನ್ನೋ ಹಳೇ ಕಾಲದ ಫೈಲ್ ಬಂತು. ನೆನಪಿದೆಯಾ, ಮೆಮರಿ ಕಾರ್ಡಿಗೆ ದುಡ್ಡು ಕೊಟ್ಟು ಹಾಡು ತುಂಬಿಸ್ಕೊಂಡು ಬರ್ತಿದ್ದ ದಿನಗಳು? ಆ ಕಾಲದ ಬಟನ್ ಫೋನಿಗೆ ಮಾಡಿದ ಅಳತೆ. ಅದನ್ನೇ ಕುಟುಂಬದ ಗ್ರೂಪಿಗೆ ಹಾಕಿದೆ. ಅವ್ವನ ಫೋನಿನಲ್ಲಿ ಓಡಿತು. "ಈಗ ಚಲೋ ಬಂತು ನೋಡು" ಅಂದಳು. ಎಲ್ಲರೂ ಹೂವು, ಕೈಮುಗಿದ ಚಿತ್ರ ಹಾಕಿದರು. ಇದು ಎರಡನೇ ತಪ್ಪು, ಆದರೆ ಆಗ ಗೊತ್ತಾಗಲಿಲ್ಲ.

ಮೂರನೆಯದು ತಿಂಗಳ ಮೇಲೆ ಆಯ್ತು. ಫೋನ್ 'ಸ್ಟೋರೇಜ್ ಫುಲ್' ಅಂತ ಗೊಣಗ್ತಿತ್ತು. ದೊಡ್ಡ ಫೈಲು ಯಾವುದು ಅಂತ ನೋಡಿದೆ. ಗ್ರೂಪಿನಲ್ಲಿ ಇದೆಯಲ್ಲ ಅಂದ್ಕೊಂಡು ಮೂಲ ವಿಡಿಯೋ, ಡ್ರೈವ್‌ನಲ್ಲಿದ್ದ ಪ್ರತಿ, ಎರಡನ್ನೂ ಅಳಿಸಿದೆ.

ಹಾಲೋ, ಪಾಲೋ, ಸಾಲವೋ?

ಮುಂದಿನ ವರ್ಷ ಪಂಚಮಿಗೆ ದೊಡ್ಡವ್ವ ಬಂದಿದ್ದಳು. ಬ್ಲೂಟೂತ್ ಸ್ಪೀಕರಿಗೆ ಹಾಕಿ ಆಯಿಯ ಹಾಡು ಕೇಳೋಣ ಅಂತ ಕೂತರೆ, ದನಿ ಗಡಿಗೆಯೊಳಗಿಂದ ಬಂದಂಗೆ. ಮೂರನೇ ನುಡಿಗೆ ಬಂದಾಗ ಜಗಳ ಶುರುವಾಯ್ತು. ಅಲ್ಲಿ ತವರಿನ ಏನೋ ಒಂದರ ಮಾತು ಬರುತ್ತೆ. ಅವ್ವ "ಹಾಲ" ಅಂದಳು. ದೊಡ್ಡವ್ವ "ಪಾಲ" ಅಂದಳು. ಚಿಕ್ಕಪ್ಪ ನಕ್ಕೋತ "ಸಾಲ" ಅಂದ.

ತವರಿನ ಹಾಲು, ತವರಿನ ಪಾಲು, ತವರಿನ ಸಾಲ. ಒಂದಕ್ಷರಕ್ಕೆ ಹಾಡಿನ ಅರ್ಥವೇ ಬೇರೆ. ಆಯಿಯನ್ನೇ ಕೇಳಿದೆವು. ಎರಡು ನುಡಿ ಹಾಡಿದಳು, ನಿಂತಳು. "ಮುಂದಿಂದ ಮರತೀನೋ ಯಪ್ಪಾ" ಅಂದಳು.

ಯಾಕೆ ಹೀಗಾಯ್ತು ಅಂತ ಆ ಫೈಲಿನ ವಿವರ ತೆಗೆದು ನೋಡಿದೆ. ದನಿಯ ಸ್ಯಾಂಪಲ್ ರೇಟ್ 8,000 ಇತ್ತು. ಅಂದ್ರೆ ಸೆಕೆಂಡಿಗೆ 8,000 ಸಲ ದನಿಯನ್ನ ಅಳೆದು ಬರೆದುಕೊಂಡಿದೆ. ನಿಯಮ ಏನಂದ್ರೆ, ಎಷ್ಟು ಸಲ ಅಳೀತೀವೋ ಅದರ ಅರ್ಧದವರೆಗಿನ ಕಂಪನ ಮಾತ್ರ ಉಳಿಯುತ್ತೆ. ಇಲ್ಲಿ 4,000 ಹರ್ಟ್ಜ್‌ಗಿಂತ ಮೇಲಿನದೆಲ್ಲ ಹೋಯ್ತು. ಸ್ವರಗಳು ಕೆಳಗೇ ಇರ್ತವೆ, 'ಆ' 'ಲ' ಚೆನ್ನಾಗಿ ಕೇಳುತ್ತೆ. ಆದರೆ 'ಸ'ದ ಸರಸರ ಶಬ್ದ ಬಹುಪಾಲು ಇರೋದೇ ಆ ಮೇಲಿನ ಜಾಗದಲ್ಲಿ. ಅದನ್ನ ಕತ್ತರಿಸಿದರೆ ಸಾಲ, ಹಾಲ, ಪಾಲ ಒಂದೇ ಥರ ಕೇಳುತ್ತವೆ. ಹಳೇ ಫೋನ್ ಕಾಲ್‌ಗಳಲ್ಲಿ ಹೆಸರು ಹೇಳುವಾಗ "ಸರೋಜಾದ ಸ, ಪಾರ್ವತಿಯ ಪ" ಅಂತ ಬಿಡಿಸಿ ಹೇಳ್ತಿದ್ದೆವಲ್ಲ, ಅದೇ ಕಾರಣ. ಮೇಲಿಂದ ಬೀಸುಕಲ್ಲಿನ ಗರಗರ ಬೇರೆ.

ಫೋನಿನ ಮುಂದೆ ಕೂತು ಒಂದು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ, ತುಂಬ ಸುಲಭ. ಬಿಟ್‌ರೇಟನ್ನ ಎಂಟರಿಂದ ಭಾಗಿಸಿ, ಸೆಕೆಂಡುಗಳಿಂದ ಗುಣಿಸಿ. ಫೈಲಿನ ಗಾತ್ರ ಸಿಗುತ್ತೆ. ಒಳ್ಳೇ ದನಿಗೆ 192 ಕಿಲೋಬಿಟ್ ಸಾಕು. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 24 ಕೆಬಿ. ನಾಲ್ಕು ನಿಮಿಷ ಅಂದ್ರೆ 240 ಸೆಕೆಂಡ್. ಒಟ್ಟು 5.76 ಎಂಬಿ.

ಆಯಿಯ ದನಿ ಆರು ಎಂಬಿಯೂ ಇಲ್ಲ! 1,200 ಎಂಬಿ ಫೈಲಿನಲ್ಲಿ ಉಳಿದದ್ದೆಲ್ಲ ಚಿತ್ರ. ಜಾಗ ಉಳಿಸೋಕೆ ಹೋಗಿ ನಾನು ಕೈ ಹಾಕಿದ್ದು ಆ ಆರು ಎಂಬಿಗೆ. ಮನೆ ಖರ್ಚು ಇಳಿಸ್ತೀನಿ ಅಂತ ಉಪ್ಪು ಬಿಟ್ಟಂಗೆ.

ಚಿತ್ರದಲ್ಲಿ ಎಲ್ಲಿ ಉಳಿಸಬಹುದು?

ಚಿತ್ರದಲ್ಲಿ ಧಾರಾಳ ಉಳಿಸಬಹುದು. ವಿಡಿಯೋ ಕೊಡೆಕ್ ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಯೋದಿಲ್ಲ. ಹಿಂದಿನ ಫ್ರೇಮಿಗಿಂತ ಏನು ಬದಲಾಯ್ತೋ ಅದನ್ನ ಮುಖ್ಯವಾಗಿ ಬರೆಯುತ್ತೆ. ಆಯಿ ಗೋಡೆಗೆ ಮುಂದಾಗಿ ಕೂತಿದ್ದಾಳೆ, ಫೋನ್ ಸ್ಟ್ಯಾಂಡ್ ಮೇಲೆ ಅಲುಗಾಡದೆ ನಿಂತಿದೆ. ಬದಲಾಗ್ತಿರೋದು ಕೈ, ಕಲ್ಲು, ತುಟಿ ಅಷ್ಟೇ. ಇದಕ್ಕೆ ಕಡಿಮೆ ಬಿಟ್‌ರೇಟ್ ನಡೆಯುತ್ತೆ. ಅದೇ ತುಂಬಿ ಹರಿಯೋ ದೂಧಗಂಗಾ ನೀರೋ, ಗಾಳಿಗೆ ಅಲ್ಲಾಡೋ ಕಬ್ಬಿನ ಗದ್ದೆಯೋ ಆದರೆ, ಪ್ರತಿ ಗರಿಯೂ ಪ್ರತಿ ಅಲೆಯೂ ಬದಲಾಗ್ತಾನೇ ಇರುತ್ತೆ. ಅದೇ ಬಿಟ್‌ರೇಟ್ ಕೊಟ್ಟರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ. ಹಾಗಾಗಿ "ಯಾವ ಸೆಟ್ಟಿಂಗ್ ಬೆಸ್ಟ್?" ಅಂತ ಕೇಳಬೇಡಿ. "ಚಿತ್ರದಲ್ಲಿ ಏನು ಅಲ್ಲಾಡ್ತಿದೆ, ನೋಡೋರ ಕೈಲಿ ಯಾವ ಫೋನ್ ಇದೆ?" ಅಂತ ಕೇಳಿ.

4ಕೆ ಅಂದ್ರೆ 1080ಪಿಯ ನಾಲ್ಕು ಪಟ್ಟು ಚುಕ್ಕಿಗಳು. ಅಂಗೈಯಗಲದ ಪರದೆಯಲ್ಲಿ ಅವ್ವನ ಕಣ್ಣಿಗೆ ಆ ವ್ಯತ್ಯಾಸ ಕಾಣಲ್ಲ. ನನ್ನ ಕಣ್ಣಿಗೂ ಕಾಣಲ್ಲ, ಸುಳ್ಳು ಯಾಕೆ.

ಮನೆಗೆ ಕಳಿಸೋ ಪ್ರತಿಗೆ ನಾನೀಗ ಇಡೋ ಸೆಟ್ಟಿಂಗ್

- ಫೈಲ್ ಎಂಪಿ4, ವಿಡಿಯೋ ಕೊಡೆಕ್ ಎಚ್.264. ಇದು 2003ರಿಂದ ಇದೆ, ಹೆಚ್ಚುಕಮ್ಮಿ ಎಲ್ಲಾ ಸ್ಮಾರ್ಟ್‌ಫೋನಿನಲ್ಲೂ ಓಡುತ್ತೆ.
- ಅಳತೆ 1280×720. ಉದ್ದುದ್ದ ಹಿಡಿದು ತೆಗೆದಿದ್ದರೆ 720×1280.
- ಬಿಟ್‌ರೇಟ್, ಕೂತು ಮಾತಾಡೋದು ಹಾಡೋದಕ್ಕೆ 2.5 ಮೆಗಾಬಿಟ್. ಕುಣಿತ, ನೀರು, ಜಾತ್ರೆ ಇದ್ದರೆ 5.
- ಫ್ರೇಮ್ ರೇಟ್, ತೆಗೆದದ್ದು ಎಷ್ಟೋ ಅಷ್ಟೇ. 30 ಇದ್ದದ್ದನ್ನ 60 ಮಾಡಿದರೆ ಹೊಸದೇನೂ ಹುಟ್ಟಲ್ಲ.
- ಎಚ್‌ಡಿಆರ್ ಬೇಡ. ಹಳೇ ಪರದೆಯಲ್ಲಿ ಬಣ್ಣ ಬೆಳ್ಳಗಾಗುತ್ತೆ.
- ದನಿಗೆ ಎಎಸಿ, 48,000 ಹರ್ಟ್ಜ್, 192 ಕಿಲೋಬಿಟ್. ಒಂದೇ ಮೈಕಿನ ಮೋನೋ ಆದರೆ 128 ಸಾಕು. ಇದಕ್ಕಿಂತ ಕೆಳಗೆ ನಾನಂತೂ ಇಳಿಯಲ್ಲ.

ಇದರ ಪ್ರಕಾರ ಆಯಿಯ ನಾಲ್ಕು ನಿಮಿಷ, ಚಿತ್ರ 75 ಎಂಬಿ, ದನಿ ಆರು, ಒಟ್ಟು 81 ಎಂಬಿ ಆಗುತ್ತೆ. 1,200 ಎಲ್ಲಿ, 81 ಎಲ್ಲಿ?

ಯೂಟ್ಯೂಬಿಗೆ ಹಾಕೋದಾದರೆ ಲೆಕ್ಕ ಬೇರೆ. ಅವರೇ ಮತ್ತೆ ಕುಗ್ಗಿಸಿ ಬೇರೆ ಬೇರೆ ಅಳತೆ ಮಾಡ್ಕೋತಾರೆ, ಹಾಗಾಗಿ ನೀವು ಕೊಡೋದು ದಪ್ಪಗಿರಲಿ. 1080ಪಿ, 30 ಫ್ರೇಮಿನ ವಿಡಿಯೋಗೆ 8 ಮೆಗಾಬಿಟ್, ಸ್ಟೀರಿಯೋ ದನಿಗೆ 384 ಕಿಲೋಬಿಟ್ ಅಂತ ಯೂಟ್ಯೂಬ್ ತಾನೇ ಹೇಳುತ್ತೆ.

ಇನ್ನು ಕಳಿಸೋ ದಾರಿ. ಚಾಟ್ ಆ್ಯಪ್‌ಗಳಲ್ಲಿ ಗ್ಯಾಲರಿಯಿಂದ ವಿಡಿಯೋ ಹಾಕಿದರೆ ಸಾಮಾನ್ಯವಾಗಿ ಅವು ಇನ್ನೊಮ್ಮೆ ಕುಗ್ಗಿಸುತ್ತವೆ. ನೀವು ಅಳೆದು ತೂಗಿ ಮಾಡಿದ್ದೆಲ್ಲ ವ್ಯರ್ಥ. ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ. ಫೈಲು ಇದ್ದಂಗೇ ಹೋಗುತ್ತೆ, 2022ರಿಂದ 2 ಜಿಬಿವರೆಗೂ ಅವಕಾಶ ಇದೆ. ಮತ್ತೆ, ಎಕ್ಸ್‌ಪೋರ್ಟ್ ಮುಗಿದ ಮೇಲೆ ನಿಮ್ಮ ದುಬಾರಿ ಇಯರ್‌ಫೋನಿನಲ್ಲಿ ಮಾತ್ರ ಕೇಳಿ ಖುಷಿಪಡಬೇಡಿ. ಫೋನಿನ ಸ್ಪೀಕರಿನಲ್ಲಿ, ಫ್ಯಾನ್ ಹಾಕ್ಕೊಂಡು ಕೇಳಿ. ಮೊದಲ ಇಪ್ಪತ್ತು ಸೆಕೆಂಡು ಕತ್ತರಿಸಿ, ಮನೆಯಲ್ಲಿ ಎಲ್ಲಕ್ಕಿಂತ ಹಳೇ ಫೋನ್ ಯಾರದೋ ಅವರಿಗೆ ಮೊದಲು ಕಳಿಸಿ. ಅಲ್ಲಿ ಓಡಿದರೆ ಎಲ್ಲರ ಹತ್ತಿರವೂ ಓಡುತ್ತೆ.

ಕಳಿಸೋದು ಬೇರೆ, ಇಡೋದು ಬೇರೆ

ಇಷ್ಟೆಲ್ಲ ಹೇಳಿದ್ದು ಕಳಿಸೋ ಪ್ರತಿಯ ಬಗ್ಗೆ. ಅದು ಪರೋಟ ಕಟ್ಟಿಕೊಡೋ ಡಬ್ಬಿ ಇದ್ದಂಗೆ, ಹೋದ ಕಡೆ ತಿಂದು ಮುಗಿಸಲಿಕ್ಕೆ. ಮೂಲ ಫೈಲು ಬೀಜದ ಕಾಳು. ಅದನ್ನ ಗ್ರೂಪಿನ ಭರವಸೆ ಮೇಲೆ ಅಳಿಸಬಾರದು. ಒಮ್ಮೆ ಕುಗ್ಗಿಸಿದ ಫೈಲಿನಿಂದ ಹೋದದ್ದನ್ನ ಯಾವ ಆ್ಯಪೂ ಪೂರ್ತಿ ವಾಪಸ್ ತರಲ್ಲ. ದನಿ 'ಶುದ್ಧ' ಮಾಡೋ ಆ್ಯಪ್‌ಗಳಿಗೂ ಕೊಟ್ಟು ನೋಡಿದೆ. ಗರಗರ ಕಡಿಮೆಯಾಯ್ತು. ಆದರೆ ಹಾಲೋ ಪಾಲೋ ಗೊತ್ತಾಗಲೇ ಇಲ್ಲ.

ಜಾಗ ಇಲ್ಲ ಅಂತೀರಾ? 4ಕೆ ಚಿತ್ರ ಇಡೋಕೆ ಆಗದಿದ್ದರೆ ದನಿಯನ್ನಾದರೂ ಕುಗ್ಗಿಸದ ವೇವ್ ಫೈಲ್ ಆಗಿ ತೆಗೆದಿಡಿ. 48,000 ಹರ್ಟ್ಜ್, 16 ಬಿಟ್, ಮೋನೋ. ನಾಲ್ಕು ನಿಮಿಷಕ್ಕೆ 23 ಎಂಬಿ. ಪೆನ್‌ಡ್ರೈವ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು.

ವಿಜಯಪುರ ಕಡೆಯ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳು ಹಾಡ್ತಿದ್ದ ಇಂಥ ಪದಗಳನ್ನ ಕೇಳಿ ಬರೆದುಕೊಂಡು 'ಗರತಿಯ ಹಾಡು' ಅಂತ ಪುಸ್ತಕ ತಂದರು, 1931ರಲ್ಲಿ. ಅವರ ಕೈಲಿ ಇದ್ದದ್ದು ಕಾಗದ, ಪದಗಳು ಉಳಿದವು, ದನಿ ಉಳಿಯಲಿಲ್ಲ. ನನ್ನ ಕೈಲಿ 4ಕೆ ಕ್ಯಾಮೆರಾ ಇತ್ತು, ಪದವನ್ನೂ ಕಳಕೊಂಡೆ. ಆಯಿ ಹಾಡಿದ ದಿನವೇ ಒಂದು ಚೀಟಿಯಲ್ಲಿ ಸಾಲುಗಳನ್ನ ಬರೆದುಕೊಂಡಿದ್ದರೆ ಈ ಜಗಳವೇ ಇರ್ತಿರಲಿಲ್ಲ. ಅದೂ ಒಂದು ಬ್ಯಾಕಪ್ಪೇ, ಒಂದು ಎಂಬಿಯೂ ಬೇಡದ್ದು.

ಈ ಸಲ ಊರಿಗೆ ಹೋದಾಗ ಮತ್ತೆ ಕೂರಿಸಿದೆ. ಬೀಸುಕಲ್ಲು ಬೇಡ ಅಂದೆ, ಫೋನನ್ನ ಬಾಯಿಗೆ ಎರಡು ಮೊಳ ಹತ್ತಿರ ಇಟ್ಟೆ, ಫ್ಯಾನ್ ಆಫ್ ಮಾಡಿದೆ. ಆ ಹಾಡು ಬರಲಿಲ್ಲ. ಇನ್ನೊಂದು ಬಂತು, ಎರಡೂವರೆ ನಿಮಿಷದ್ದು. ಅವ್ವ ಪಕ್ಕದಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವ್ವನ ಹಳೇ ಫೋನಿನಲ್ಲಿ ಓಡಿಸಿ ತೋರಿಸಿದೆ. ಆಯಿ ಕಣ್ಣು ಸಣ್ಣ ಮಾಡಿ ಕೇಳಿ, "ಇದು ನನ್ನ ದನಿನ ಐತಿ" ಅಂದಳು.

ಹಾಲೋ ಪಾಲೋ ಇನ್ನೂ ಇತ್ಯರ್ಥ ಆಗಿಲ್ಲ. ದೊಡ್ಡವ್ವ ಮಾತ್ರ ಪಟ್ಟು ಬಿಟ್ಟಿಲ್ಲ, ಪಾಲೇ ಅಂತೆ.