ಬಲಿದಾನದ ಫಲ ಯಾರಿಗೆ?

ರಾಷ್ಟ್ರದ ಹೆಸರಿನಲ್ಲಿ ತಾಯಂದಿರ ಮಡಿಲು ಬರಿದಾದ ಕಥೆಗಳು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹೇರಳ. ಇಟಲಿಯ ಪಾವಿಯಾ ನಗರದ ಕೈರೋಲಿ ಕುಟುಂಬದ್ದು ಅವುಗಳಲ್ಲೊಂದು. ವೈದ್ಯ ಕಾರ್ಲೊ ಹಾಗೂ ಅಡಲೈಡ್ ದಂಪತಿಯ ಐವರು ಪುತ್ರರು ಇಟಲಿಯ ಏಕೀಕರಣಕ್ಕಾಗಿ ಯುದ್ಧಕ್ಕೆ ಹೊರಟರು. ಅವರಲ್ಲಿ ಬದುಕುಳಿದವರು ಹಿರಿಯರಾದ ಬೆನೆಡೆಟ್ಟೊ ಒಬ್ಬರೇ.

1859ರಲ್ಲಿ ವರೇಸೆಯ ಬಳಿ ಆಸ್ಟ್ರಿಯದ ಸೇನೆಯನ್ನು ಎದುರಿಸುತ್ತಾ ಎರ್ನೆಸ್ಟೊ ಮಡಿದರು. ಮರುವರ್ಷ ಗ್ಯಾರಿಬಾಲ್ಡಿಯ ದಕ್ಷಿಣ ದಂಡಯಾತ್ರೆಯಲ್ಲಿ ಲುಯಿಜಿ ಜ್ವರಕ್ಕೆ ಬಲಿಯಾದರು. 1867ರ ಅಕ್ಟೋಬರ್ 23ರಂದು ರೋಮ್ ಹೊರವಲಯದ ವಿಲ್ಲಾ ಗ್ಲೋರಿಯಲ್ಲಿ ಪೋಪರ ಸೈನಿಕರೊಂದಿಗೆ ಹೋರಾಡುತ್ತಾ ಎನ್ರಿಕೊ ಅಸುನೀಗಿದರು. ಅದೇ ಕಾದಾಟದಲ್ಲಿ ಗಾಯಗೊಂಡ ಜಿಯೊವನ್ನಿ ಎರಡು ವರ್ಷಗಳ ಬಳಿಕ ತೀರಿಕೊಂಡರು. ಹತ್ತು ವರ್ಷಗಳಲ್ಲಿ ನಾಲ್ವರು ಮಕ್ಕಳನ್ನು ಕಳೆದುಕೊಂಡ ಆ ತಾಯಿಯನ್ನು ಇಟಲಿಯು ದೇಶಭಕ್ತಿಯ ಪ್ರತೀಕವೆಂದು ಕೊಂಡಾಡಿತು. 1871ರಲ್ಲಿ ಆಕೆಯೂ ಇಲ್ಲವಾದರು.

ಈ ಸಹೋದರರ ಧೈರ್ಯವನ್ನು ನಾವು ಲಘುವಾಗಿ ಕಾಣುವುದಿಲ್ಲ. ಪರಕೀಯರ ಆಳ್ವಿಕೆಯ ವಿರುದ್ಧ ಎದ್ದು ನಿಲ್ಲುವುದು ಯಾವುದೇ ಜನತೆಯ ಹಕ್ಕು. ಆದರೆ ಈ ರಕ್ತದ ಫಲವನ್ನು ಉಂಡವರು ಯಾರು ಎಂದು ಕೇಳದಿದ್ದರೆ ಸತ್ತವರಿಗೂ ನ್ಯಾಯ ಸಲ್ಲದು. 1861ರಲ್ಲಿ ಉದಯಿಸಿದ ಇಟಲಿ ರಾಜ್ಯದಲ್ಲಿ ಮತದಾನದ ಹಕ್ಕಿದ್ದುದು ಜನಸಂಖ್ಯೆಯ ಶೇ. 2ರಷ್ಟು ಮಂದಿಗೆ ಮಾತ್ರ. ಜಿಯೊವನ್ನಿ ಕೊನೆಯುಸಿರೆಳೆದ 1869ರಲ್ಲೇ ಧಾನ್ಯ ಬೀಸಿಸುವುದರ ಮೇಲೂ ತೆರಿಗೆ ಜಾರಿಗೆ ಬಂತು. ಅದರ ವಿರುದ್ಧ ದಂಗೆಯೆದ್ದ ರೈತರ ಮೇಲೆ ಗುಂಡು ಹಾರಿಸಿದ್ದು ಸ್ವತಂತ್ರ ಇಟಲಿಯದೇ ಸೇನೆ! ಬಡವನ ರೊಟ್ಟಿಗೆ ಕೈ ಹಾಕುವ ಸರಕಾರ ಸ್ವದೇಶಿಯಾದರೇನು, ವಿದೇಶಿಯಾದರೇನು?

ಇದಕ್ಕಿಂತಲೂ ಗಂಭೀರವಾದ ಪಾಠ ಇನ್ನೊಂದಿದೆ. ಬದುಕುಳಿದ ಬೆನೆಡೆಟ್ಟೊ 1878ರಲ್ಲಿ ಪ್ರಧಾನಿಯಾದರು. ಆ ತೆರಿಗೆಯ ರದ್ದತಿಗೆ 1880ರಲ್ಲಿ ಕಾನೂನು ಬಂದದ್ದು ಅವರ ಆಡಳಿತದಲ್ಲೇ ಎಂಬುದನ್ನು ಸ್ಮರಿಸಲೇಬೇಕು. ಆದರೆ 1881ರಲ್ಲಿ ಅವರು ಅಧಿಕಾರ ಕಳೆದುಕೊಂಡದ್ದು, ಇಟಲಿಯು ಕಣ್ಣಿಟ್ಟಿದ್ದ ಟುನೀಶಿಯಾವನ್ನು ಫ್ರಾನ್ಸ್ ವಶಪಡಿಸಿಕೊಂಡಿತೆಂಬ ಕಾರಣಕ್ಕೆ. ತನ್ನ ನೆಲದಿಂದ ಪರಕೀಯರು ತೊಲಗಲಿ ಎಂದು ನಾಲ್ವರು ಸಹೋದರರು ಪ್ರಾಣ ತೆತ್ತ ದೇಶ, ಇಪ್ಪತ್ತೇ ವರ್ಷಗಳಲ್ಲಿ ಪರರ ನೆಲ ತನಗೆ ದಕ್ಕಲಿಲ್ಲವೆಂದು ಕೊರಗತೊಡಗಿತ್ತು. 1911ರಲ್ಲಿ ಅದು ಲಿಬಿಯಾದ ಮೇಲೆ ದಂಡೆತ್ತಿ ಹೋಯಿತು. ಸ್ವಂತ ಮಣ್ಣಿಗಾಗಿ ಹೋರಾಡಿದ ವಯೋವೃದ್ಧ ಉಮರ್ ಮುಖ್ತಾರ್‌ರನ್ನು 1931ರಲ್ಲಿ ಗಲ್ಲಿಗೇರಿಸಿತು. ಕೈರೋಲಿ ಸಹೋದರರು ಇಟಲಿಯಲ್ಲಿ ಹುತಾತ್ಮರಾದರೆ, ಅದೇ ಕಾರ್ಯಕ್ಕಾಗಿ ಮುಖ್ತಾರ್ ಇಟಲಿಯ ಕಣ್ಣಿಗೆ ಬಂಡುಕೋರರಾದರು.

ಶೋಷಿತನ ಕೈಯಲ್ಲಿ ಬಿಡುಗಡೆಯ ಮಂತ್ರವಾಗುವ ರಾಷ್ಟ್ರೀಯತೆ, ಅಧಿಕಾರಸ್ಥನ ಕೈಯಲ್ಲಿ ದರ್ಪದ ಆಯುಧವಾಗುವುದು ಹೀಗೆ. ತನಗೆ ಬಯಸಿದ ಸ್ವಾತಂತ್ರ್ಯವನ್ನು ಇತರರಿಗೂ ಬಯಸುವ ನ್ಯಾಯಪ್ರಜ್ಞೆಯೊಂದೇ ಅದಕ್ಕೆ ಕಡಿವಾಣ. ಅದಿಲ್ಲದ ದೇಶಪ್ರೇಮವು ತಾಯಂದಿರಿಂದ ಮಕ್ಕಳನ್ನು ಕೇಳುತ್ತಲೇ ಇರುತ್ತದೆ. ಮೊದಲು ತನ್ನವರಿಂದ, ಬಳಿಕ ನೆರೆಯವರಿಂದ.